ಕನ್ನಡಿ ಸ್ಟೀರಿಯೋಸ್ಕೋಪ್, ನಾಲ್ಕನೇ ವಾರ: ಒಂದು ಕಣ್ಣಿಗೆ ಕೆಂಪು, ಇನ್ನೊಂದಕ್ಕೆ ಹಸಿರು

ಎರಡು ಕಣ್ಣುಗಳಿಗೆ ಬೇರೆಬೇರೆ ಚಿತ್ರ ತೋರಿಸುವ ಉಪಕರಣವಾದ ಸ್ಟೀರಿಯೋಸ್ಕೋಪ್‌ನ ಮರದ ಚೌಕಟ್ಟು ಕಳೆದ ವಾರವೇ ಮುಗಿದಿದ್ದರಿಂದ ಈ ವಾರ ಕನ್ನಡಿಗಳನ್ನು ಕೂರಿಸಿದೆ. 1838ರಲ್ಲಿ ಚಾರ್ಲ್ಸ್ ವೀಟ್‌ಸ್ಟೋನ್ ಪ್ರಕಟಿಸಿದ ವಿನ್ಯಾಸವೇ ಇದಕ್ಕೆ ಆಧಾರ: ಮೂಗಿನೆದುರು ಎರಡು ಕನ್ನಡಿಗಳು ಲಂಬಕೋನದಲ್ಲಿ ಕೂಡುತ್ತವೆ, ಎರಡು ಬದಿಗಳಲ್ಲಿ ನಿಲ್ಲಿಸಿದ ಒಂದೇ ಮಾದರಿಯ ಹಳೆಯ ಮೊಬೈಲ್‌ಗಳಲ್ಲಿ ಎಡದ್ದು ಎಡಗಣ್ಣಿಗೆ ಮಾತ್ರ, ಬಲದ್ದು ಬಲಗಣ್ಣಿಗೆ ಮಾತ್ರ ಕಾಣುತ್ತದೆ. ಸಾಮಾನ್ಯ ಕನ್ನಡಿಯಲ್ಲಿ ಲೇಪ ಗಾಜಿನ ಹಿಂದಿರುವುದರಿಂದ ಪ್ರತಿ ಗೆರೆಗೂ ಮಸುಕು ನೆರಳೊಂದು ಅಂಟಿಕೊಳ್ಳುತ್ತಿತ್ತು. ಕೆಟ್ಟ ಸ್ಕ್ಯಾನರ್ ಒಂದನ್ನು ಬಿಚ್ಚಿ, ಮುಂಬದಿಯಲ್ಲೇ ಲೇಪವಿರುವ ಅದರ ಪಟ್ಟಿ ಕನ್ನಡಿಗಳನ್ನು ಹಾಕಿದ ಮೇಲೆ ನೆರಳು ಮಾಯವಾಯಿತು. ಪಟ್ಟಿ ಕಿರಿದಾದ್ದರಿಂದ ತಲೆ ಅಲುಗದಂತೆ ಗದ್ದಕ್ಕೊಂದು ಆಸರೆಯನ್ನೂ ಮಾಡಬೇಕಾಯಿತು.

ಮೊದಲ ಪರೀಕ್ಷೆಗೆ, ಬೆಲ್ ಲ್ಯಾಬ್ಸ್‌ನ ಬೇಲಾ ಯೂಲೆಸ್ 1960ರಲ್ಲಿ ವಿವರಿಸಿದಂಥ ಚುಕ್ಕೆಚಿತ್ರಗಳನ್ನು ತಯಾರಿಸಿದೆ. ಒಂಟಿ ಕಣ್ಣಿಗೆ ಅವು ಅರ್ಥವಿಲ್ಲದ ಚುಕ್ಕೆರಾಶಿ. ಎರಡೂ ಕಣ್ಣು ತೆರೆದಾಗ ನಡುವಿನ ಚೌಕ ಮುಂದಕ್ಕೆ ಉಬ್ಬಬೇಕಿತ್ತು. ನನ್ನದು ಹಿಂದಕ್ಕೆ ಕುಸಿಯಿತು! ಕನ್ನಡಿ ಚಿತ್ರವನ್ನು ಎಡಬಲ ತಿರುವುತ್ತದೆ ಎಂಬುದನ್ನು ಮರೆತಿದ್ದೆ.

ಈ ಉಪಕರಣವನ್ನು ಕಟ್ಟಿದ್ದೇ ಬಣ್ಣದ ಪ್ರಶ್ನೆಗಾಗಿ. ಎಡಗಣ್ಣಿಗೆ ಕೆಂಪು, ಬಲಗಣ್ಣಿಗೆ ಹಸಿರು ತೋರಿಸಿದರೆ ಮಿದುಳು ಏನು ಮಾಡುತ್ತದೆ? ವೃತ್ತಗಳು ದೊಡ್ಡವಾಗಿ, ಬಣ್ಣ ಗಾಢವಾಗಿ, ಒಂದರಲ್ಲಿ ಅಡ್ಡಗೆರೆ, ಇನ್ನೊಂದರಲ್ಲಿ ಉದ್ದಗೆರೆ ಇದ್ದಾಗ ಕೆಲವು ಸೆಕೆಂಡು ಕೆಂಪು ಗೆದ್ದರೆ ಮತ್ತೆ ಕೆಲವು ಸೆಕೆಂಡು ಹಸಿರು ಗೆಲ್ಲುತ್ತಿತ್ತು; ನಡುನಡುವೆ ತೇಪೆ ಹಾಕಿದಂತೆ ಎರಡೂ ಕಾಣುತ್ತಿದ್ದವು, ಆದರೆ ಬೆರೆಯುತ್ತಿರಲಿಲ್ಲ. ಗೆರೆಗಳನ್ನು ಅಳಿಸಿ, ವೃತ್ತಗಳನ್ನು ಕಿರಿದಾಗಿಸಿ, ಬಣ್ಣ ತಿಳಿಯಾಗಿಸಿ, ಎರಡಕ್ಕೂ ಒಂದೇ ಕಪ್ಪು ಅಂಚು ಕೊಟ್ಟಾಗ ಹೊಯ್ದಾಟ ನಿಂತು ಒಂದೇ ಬಣ್ಣ ಉಳಿಯಿತು. ನಾನು ಅದನ್ನು ಮಂಕು ಹಳದಿ ಎಂದು ಬರೆದುಕೊಂಡೆ. ಏನನ್ನೂ ಮುಂಚೆ ಹೇಳದೆ ಕೂರಿಸಿದ ತಮ್ಮ, ಒಣಹುಲ್ಲಿನ ಬಣ್ಣ ಎಂದ. ಅವನ ಮಾತೇ ಹೆಚ್ಚು ಸರಿ.

ಆದರೆ ಈ ಹಳದಿ ಮಿದುಳಿನಲ್ಲೇ ಬೆರೆತು ಹುಟ್ಟಿತು ಎಂದು ನಂಬಲು ಆತುರಪಡಬಾರದು. ಕಣ್ಣಿನಲ್ಲಿ ಬಣ್ಣ ಗ್ರಹಿಸುವ ಶಂಕುಕೋಶಗಳ ಸಂಕೇತಗಳನ್ನು ಹೋಲಿಸಿ ಹಳದಿ-ನೀಲಿ, ಕೆಂಪು-ಹಸಿರು ಎಂದು ಎದುರುಬದುರಾಗಿ ಅಳೆಯುವ ಕೆಲಸ ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟದಲ್ಲೇ ಶುರುವಾಗುತ್ತದೆ. ಅಲ್ಲಿಂದ ಹೊರಟ ಸಂಕೇತಗಳು ಮಿದುಳಿನ ನಡುವಿನ ಥಾಲಮಸ್ ಎಂಬ ಭಾಗದ ಒಂದು ನಿಲ್ದಾಣದಲ್ಲಿ ಆರು ಮುಖ್ಯ ಪದರಗಳಾಗಿ ಹಂಚಿಹೋಗುತ್ತವೆ, ಪ್ರತಿ ಪದರವೂ ಒಂದೇ ಕಣ್ಣಿಗೆ ಮೀಸಲು; ಎರಡೂ ಕಣ್ಣಿಗೆ ಸ್ಪಂದಿಸುವ ನರಕೋಶಗಳು ಹೇರಳವಾಗಿ ಸಿಗುವುದು ತಲೆಯ ಹಿಂಭಾಗದ ದೃಷ್ಟಿವಲ್ಕಲಕ್ಕೆ, ಅಂದರೆ ನೋಟವನ್ನು ಸಂಸ್ಕರಿಸುವ ಮಿದುಳಿನ ಹೊರಪದರಕ್ಕೆ, ಬಂದ ಮೇಲೆ. ಹಾಗಿದ್ದರೆ ಈ ಹಳದಿ ಹುಟ್ಟಿದ್ದು ವಲ್ಕಲದಲ್ಲೋ, ಕಣ್ಣಿನಲ್ಲೋ? 1928ರಲ್ಲಿ ದೃಷ್ಟಿಯನ್ನು ಅಧ್ಯಯನ ಮಾಡುತ್ತಿದ್ದ ವಿಜ್ಞಾನಿ ಸೆಲಿಗ್ ಹೆಕ್ಟ್ ಇಂಥ ಪ್ರಯೋಗದಲ್ಲಿ ಹಳದಿ ಕಂಡು, ಅದು ಮಿದುಳಿನ ಬೆರಕೆ ಎಂದರು. 1951ರಲ್ಲಿ ಬಣ್ಣದ ನೋಟದ ಸಂಶೋಧಕರಾದ ಹರ್ವಿಚ್ ಮತ್ತು ಜೇಮ್ಸನ್ ಅದನ್ನು ಒಪ್ಪದೆ, ಬಳಸುವ ಕೆಂಪು ಹಸಿರುಗಳಲ್ಲೇ ಹಳದಿಯ ಛಾಯೆ ಅಡಗಿರುತ್ತದೆ, ಕೂಡಿದಾಗ ಕೆಂಪು ಹಸಿರುಗಳು ಪರಸ್ಪರ ವಜಾ ಆಗಿ ಅದು ಮಾತ್ರ ಉಳಿಯುತ್ತದೆ ಎಂದು ವಾದಿಸಿದರು.

ನನ್ನ ಮೊಬೈಲ್‌ಗಳಿಗೂ ಅದೇ ದೋಷವಿದೆ: ಅವುಗಳ ಕೆಂಪು ಕಿತ್ತಳೆಯತ್ತ, ಹಸಿರು ಗಿಳಿಹಸಿರಿನತ್ತ ವಾಲುತ್ತದೆ. ಆದ್ದರಿಂದ ಶನಿವಾರ ರಾತ್ರಿ, ಒಂಟಿ ಕಣ್ಣಿನಲ್ಲಿ ನೋಡಿದಾಗ ಹಳದಿಯ ಸುಳಿವೇ ಇಲ್ಲವೆನಿಸುವವರೆಗೆ ಎರಡು ಬಣ್ಣಗಳಿಗೂ ತುಸುತುಸುವೇ ನೀಲಿ ಬೆರೆಸಿ ಮತ್ತೆ ನೋಡಿದೆ. ಒಣಹುಲ್ಲು ಹೋಗಿ ಬೂದಿಯ ಬಣ್ಣ ಬಂತು, ತಮ್ಮನಿಗೂ ಹಾಗೇ ಕಂಡಿತು. ಫಲಿತಾಂಶ ಹರ್ವಿಚ್ ಮತ್ತು ಜೇಮ್ಸನ್ ಅವರತ್ತ ವಾಲಿದರೂ, ಎರಡು ಪರದೆಗಳ ಹೊಳಪನ್ನು ನಾನು ಕಣ್ಣಂದಾಜಿನಲ್ಲೇ ಸಮ ಮಾಡಿದ್ದೆ. ಮುಂದಿನ ವಾರ ಕೆಂಪು ಹಸಿರುಗಳನ್ನು ಒಂದೇ ಪರದೆಯಲ್ಲಿ ವೇಗವಾಗಿ ಅದಲುಬದಲು ಮಿನುಗಿಸಿ, ಮಿನುಗು ಅತಿ ಕಡಿಮೆಯಾಗುವ ಹೊಳಪನ್ನು ಗುರುತಿಸಿಕೊಂಡು ಇದೇ ಪರೀಕ್ಷೆಯನ್ನು ಮತ್ತೆ ಮಾಡಬೇಕಿದೆ.