ಮರಣದ ಕಾರಣ ಬರೆಯುವಾಗ ‘ಕಾರ್ಡಿಯಾಕ್ ಅರೆಸ್ಟ್’ಗೆ ನಿಲ್ಲಿಸಬೇಡಿ

ಆಸ್ಪತ್ರೆಯಲ್ಲಿ ಯಾರಾದರೂ ತೀರಿಕೊಂಡರೆ ನೋಂದಣಿಗೆ ಎರಡು ಹಾಳೆ ಹೋಗಬೇಕು. ಒಂದು ಮರಣ ವರದಿ, ಅಂದರೆ ನಮೂನೆ 2. ಇನ್ನೊಂದು ನಮೂನೆ 4, ಚಿಕಿತ್ಸೆ ಕೊಟ್ಟ ವೈದ್ಯರು ಸಾವಿನ ಕಾರಣ ಬರೆದು ಸಹಿ ಹಾಕುವ ಪ್ರಮಾಣಪತ್ರ. ಮೊದಲನೆಯದನ್ನು ಗುಮಾಸ್ತರು ಹೇಗೋ ಸರಿಯಾಗಿ ತುಂಬುತ್ತಾರೆ. ಕೆಡುವುದು ನಮೂನೆ 4. ರಾತ್ರಿ ಪಾಳಿ, ಹೊರಗೆ ಅಳುತ್ತಿರುವ ಮನೆಯವರು, ಗೇಟಿನಲ್ಲಿ ಕಾಯುತ್ತಿರುವ ಆಂಬುಲೆನ್ಸ್. ಡ್ಯೂಟಿ ಡಾಕ್ಟರ್ ಎರಡು ನಿಮಿಷದಲ್ಲಿ ‘ಕಾರ್ಡಿಯೋ ರೆಸ್ಪಿರೇಟರಿ ಅರೆಸ್ಟ್’ ಎಂದು ಗೀಚಿ ಸಹಿ ಹಾಕುತ್ತಾರೆ.

ಹೃದಯ ನಿಲ್ಲುವುದು, ಉಸಿರು ನಿಲ್ಲುವುದು ಸಾವಿನ ಕಾರಣ ಅಲ್ಲ, ಸಾವೇ ಅದು. ಯಾವ ಕಾಯಿಲೆಯಿಂದ ಸತ್ತರೂ ಕೊನೆಗೆ ಹೃದಯ ನಿಲ್ಲುತ್ತದೆ. ಆ ಹಾಳೆ ನೋಡಿ ಜಿಲ್ಲೆಯಲ್ಲಿ ಎಷ್ಟು ಜನ ಕ್ಷಯದಿಂದ ಹೋದರು, ಎಷ್ಟು ಜನ ಸಕ್ಕರೆ ಕಾಯಿಲೆಯಿಂದ ಹೋದರು ಎಂದು ಯಾರೂ ಹೇಳಲಾರರು.

ನಮೂನೆಯ ಭಾಗ 1ರಲ್ಲಿ ಎ, ಬಿ, ಸಿ ಎಂದು ಮೂರು ಸಾಲು. ಎ ಸಾಲಿಗೆ ಸಾವಿಗೆ ನೇರವಾಗಿ ದೂಡಿದ ಸ್ಥಿತಿ. ಬಿ ಸಾಲಿಗೆ ಅದನ್ನು ತಂದದ್ದು. ಸಿ ಸಾಲಿಗೆ ಇಡೀ ಸರಪಳಿ ಶುರುವಾದ ಮೂಲ ಕಾಯಿಲೆ. ಭಾಗ 2 ಬೇರೆ: ಸಾವಿಗೆ ಕೈಜೋಡಿಸಿದ, ಆದರೆ ಆ ಸರಪಳಿಯಲ್ಲಿಲ್ಲದ ಕಾಯಿಲೆಗಳಿಗೆ ಅದು. ಅಂಕಿಅಂಶಕ್ಕೆ ಮುಖ್ಯವಾಗಿ ಎಣಿಕೆಯಾಗುವುದು ಮೂಲ ಕಾರಣ. ಆದ್ದರಿಂದ ಭಾಗ 1ರಲ್ಲಿ ಬರೆದ ಕೊನೆಯ ಸಾಲೇ ಎಲ್ಲಕ್ಕಿಂತ ದೊಡ್ಡದು.

58 ವರ್ಷದ ಗಂಡಸು, 12 ವರ್ಷದಿಂದ ಸಕ್ಕರೆ ಕಾಯಿಲೆ, ಬಲಗಾಲಿನ ಗಾಯ ಕೊಳೆತು ಸೋಂಕು ರಕ್ತಕ್ಕೆ ಹರಡಿದೆ ಎಂದುಕೊಳ್ಳಿ. ಸಾಮಾನ್ಯವಾಗಿ ಬರುವ ಹಾಳೆ ಹೀಗಿರುತ್ತದೆ: ಎ, ಕಾರ್ಡಿಯಾಕ್ ಅರೆಸ್ಟ್. ಬಿ, ಸೆಪ್ಟಿಕ್ ಶಾಕ್ (ಸೋಂಕಿನಿಂದ ರಕ್ತದೊತ್ತಡ ಕುಸಿಯುವುದು). ಸಿ ಖಾಲಿ. ಭಾಗ 2ರಲ್ಲಿ ‘ಡಿಎಂ, ಎಚ್‌ಟಿಎನ್’ (ಮಧುಮೇಹ, ಅಧಿಕ ರಕ್ತದೊತ್ತಡ). ಸೋಂಕು ಎಲ್ಲಿಂದ ಬಂತೆಂಬುದೇ ಇದರಲ್ಲಿಲ್ಲ. ಬರೆಯಬೇಕಾದದ್ದು: ಎ, ಸೆಪ್ಟಿಕ್ ಶಾಕ್, 2 ದಿನ. ಬಿ, ಬಲಗಾಲಿನ ಗ್ಯಾಂಗ್ರೀನ್, 3 ವಾರ. ಸಿ, ಟೈಪ್ 2 ಮಧುಮೇಹ, 12 ವರ್ಷ. ಭಾಗ 2ರಲ್ಲಿ ಅಧಿಕ ರಕ್ತದೊತ್ತಡ, 8 ವರ್ಷ. ಹೀಗಿದ್ದರೆ ಕೋಡ್ ಹಾಕುವವರು ಕಾಯಿಲೆಗಳ ಅಂತರರಾಷ್ಟ್ರೀಯ ಸಂಕೇತಪಟ್ಟಿಯಾದ ಐಸಿಡಿ-10ರಲ್ಲಿ ಮಧುಮೇಹದ ಸಾಲಿಗೆ ನೇರವಾಗಿ ಹೋಗಬಹುದು.

ಸಹಿಗೆ ಮುಂಚೆ ಅರ್ಧ ನಿಮಿಷದ ಪರೀಕ್ಷೆ ಸಾಕು. ಕೆಳಗಿನಿಂದ ಮೇಲಕ್ಕೆ ಓದಿ: ಮಧುಮೇಹದಿಂದ ಗ್ಯಾಂಗ್ರೀನ್ ಆಯಿತು, ಗ್ಯಾಂಗ್ರೀನಿನಿಂದ ಶಾಕ್ ಆಯಿತು. ಓದಲು ಎಡವಿದರೆ ಸಾಲು ಹಿಂದುಮುಂದಾಗಿದೆ. ಅವಧಿಯನ್ನೂ ನೋಡಿ. ಕೆಳಗಿನ ಸಾಲಿನ ಅವಧಿ ಮೇಲಿನದಕ್ಕಿಂತ ಕಡಿಮೆ ಇರಬಾರದು. ಈ ಅವಧಿಯ ಕಾಲಂ ಖಾಲಿ ಬಿಡುವುದು ಬಹಳ ಕಡೆ ರೂಢಿ, ಆದರೆ ತಪ್ಪು ಹಿಡಿಯಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮೂರೂ ಸಾಲು ತುಂಬಲೇಬೇಕೆಂದೇನಿಲ್ಲ. ಒಂದೇ ಕಾರಣವಾದರೆ ಎ ಸಾಲಿನಲ್ಲಿ ಬರೆದು ಬಿಡಿ.

ಕಿರುರೂಪ ಬೇಡವೇ ಬೇಡ. ‘ಎಂಎಸ್’ ಅಂದರೆ ಹೃದಯದ ಕವಾಟದ ಮೈಟ್ರಲ್ ಸ್ಟೆನೋಸಿಸ್ಸೋ, ನರಕ್ಕೆ ಸಂಬಂಧಿಸಿದ ಮಲ್ಟಿಪಲ್ ಸ್ಕ್ಲೆರೋಸಿಸ್ಸೋ? ‘ಆರ್‌ಎಫ್’ ಅಂದರೆ ಕಿಡ್ನಿಯದೋ, ಶ್ವಾಸದ್ದೋ, ರುಮಾಟಿಕ್ ಜ್ವರವೋ? ವಾರ್ಡಿನಲ್ಲಿ ಎಲ್ಲರಿಗೂ ಗೊತ್ತಿರುವುದು ಕಚೇರಿಯಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ.

ಅಪಘಾತದ ಸಾವಿನಲ್ಲಿ ‘ಹೆಡ್ ಇಂಜುರಿ’ ಅಷ್ಟೇ ಬರೆದರೆ ಅರ್ಧ ಕೆಲಸ. ಪೆಟ್ಟು ಹೇಗೆ ಬಿತ್ತೆಂಬುದೂ ಬೇಕು: ಬೈಕ್ ಸವಾರನಿಗೆ ಲಾರಿ ಡಿಕ್ಕಿ, ಮರದಿಂದ ಬಿದ್ದದ್ದು, ಹೀಗೆ. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ) ಆಗಿ ಪೋಸ್ಟ್‌ಮಾರ್ಟಂ ವರದಿ ಬರಬೇಕಿದ್ದರೆ ಊಹೆ ಮಾಡಬೇಡಿ, ಸಾವಿನ ಬಗೆ ಕೇಳುವ ಜಾಗದಲ್ಲಿ ‘ತನಿಖೆ ಬಾಕಿ’ ಎಂಬ ಆಯ್ಕೆಯೇ ಇದೆ. ಹಾವು ಕಡಿದು ಸತ್ತವರ ಹಾಳೆಯಲ್ಲಿ ಬರೀ ‘ರೆಸ್ಪಿರೇಟರಿ ಫೇಲ್ಯೂರ್’ (ಉಸಿರಾಟದ ವೈಫಲ್ಯ) ಎಂದಿದ್ದರೆ ಪರಿಹಾರಕ್ಕೆ ಅಲೆಯುವ ರೈತ ಕುಟುಂಬದ ಕೈಯಲ್ಲಿ ಏನೂ ಇಲ್ಲದಂತಾಗುತ್ತದೆ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಅಧಿಸೂಚಿತ, ಅಂದರೆ ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕಾದದ್ದು, ಎಂದು ಘೋಷಿಸಿದ ಮೇಲೆ ಖಾಸಗಿ ಆಸ್ಪತ್ರೆಗಳೂ ಅದನ್ನು ಪ್ರತ್ಯೇಕವಾಗಿ ವರದಿ ಮಾಡಬೇಕು.

ಮೃತರು ಹೆಂಗಸಾದರೆ ಗರ್ಭಿಣಿಯಾಗಿದ್ದರೇ, ಹೆರಿಗೆಯಾಗಿತ್ತೇ ಎಂಬ ಪ್ರಶ್ನೆ ಹಾಳೆಯ ಕೆಳಗಿದೆ. ಹೆರಿಗೆಯಾಗಿ 20 ದಿನಕ್ಕೆ ಐಸಿಯುನಲ್ಲಿ ನಂಜೇರಿ ಸತ್ತ ಬಾಣಂತಿಯ ಹಾಳೆಯಲ್ಲಿ ಇದು ಖಾಲಿ ಉಳಿದರೆ ಆಕೆ ತಾಯಿ ಮರಣದ ಲೆಕ್ಕದಿಂದಲೇ ಜಾರಿಹೋಗಬಹುದು. ಆ ಲೆಕ್ಕ ಹೆರಿಗೆಯ ನಂತರ 42 ದಿನದವರೆಗೂ ಹೋಗುತ್ತದೆ. ಹೆರಿಗೆ ವಾರ್ಡ್ ಬಿಟ್ಟು ಬೇರೆ ವಾರ್ಡಿನಲ್ಲಿ ಸತ್ತವರ ವಿಷಯದಲ್ಲಿ ಈ ಲೋಪ ಆಗಬಹುದು.

ಮನೆಯವರಿಗೆ ತಿಳಿಸಬೇಕಾದ್ದೂ ಇದೆ. 1969ರ ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿ ಆ ವರ್ಷದ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಕಾರಣದ ಪ್ರಮಾಣಪತ್ರವನ್ನು ಆಸ್ಪತ್ರೆ ಪುಕ್ಕಟೆ ಕೊಡಬೇಕು, ಹತ್ತಿರದ ಸಂಬಂಧಿಗೂ ಒಂದು ಪ್ರತಿ ಕೊಡಬೇಕು. ನೋಂದಣಾಧಿಕಾರಿ ಕೊಡುವ ಮರಣ ಪ್ರಮಾಣಪತ್ರದಲ್ಲಿ ಕಾರಣ ಇರುವುದಿಲ್ಲ, ಅದನ್ನು ಅಲ್ಲಿ ತೋರಿಸುವುದನ್ನು ಕಾಯ್ದೆಯೇ ತಡೆದಿದೆ. ಹಾಗಾಗಿ ವಿಮೆಯವರು ಕಾರಣ ಕೇಳಿದಾಗ ಪಂಚಾಯಿತಿಗೂ ನಾಡಕಚೇರಿಗೂ ಅಲೆದು ಫಲವಿಲ್ಲ. ಶವ ಕೊಡುವಾಗಲೇ ಪ್ರತಿ ಕೈಗೆ ಕೊಟ್ಟು, ಪಡೆದವರ ಸಹಿ ತೆಗೆದುಕೊಂಡು ಕೇಸ್ ಶೀಟಿಗೆ ಸೇರಿಸಿಬಿಡಿ.

ನೋಂದಣಿ ಆಗುವುದು ಸಾವು ಸಂಭವಿಸಿದ ಜಾಗದಲ್ಲಿ, ಸ್ವಂತ ಊರಿನಲ್ಲಲ್ಲ. ಗದಗದ ಹಳ್ಳಿಯವರು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡರೆ ಹುಬ್ಬಳ್ಳಿಯಲ್ಲೇ. ಮಾಹಿತಿ ಕೊಡುವ ಹೊಣೆಯೂ ಆಸ್ಪತ್ರೆಯದೇ, ಅವಧಿ 21 ದಿನ. ಆಮೇಲೆ 30 ದಿನದವರೆಗೆ ತಡ ಶುಲ್ಕ, 1 ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿ, ಅದನ್ನೂ ದಾಟಿದರೆ ಜಿಲ್ಲಾ ಅಥವಾ ಉಪವಿಭಾಗ ದಂಡಾಧಿಕಾರಿ ಇಲ್ಲವೇ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಬೇಕು. ಮನೆಯಲ್ಲೇ ತೀರಿಕೊಂಡವರಿಗೆ, ನೋಡುತ್ತಿದ್ದ ವೈದ್ಯರು ಬರೆದುಕೊಡುವ ಹಾಳೆ ನಮೂನೆ 4ಎ. ತರುವಾಗಲೇ ಪ್ರಾಣ ಹೋಗಿದ್ದು, ಮೊದಲು ಎಂದೂ ನೋಡದ ರೋಗಿಯಾದರೆ ನಮೂನೆಗೆ ಕೈ ಹಚ್ಚಬೇಡಿ, ಎಂಎಲ್‌ಸಿ ಮಾಡಿ ಪೊಲೀಸರಿಗೆ ತಿಳಿಸಿ.