ಫಾರ್ಗೋದ ಗಾಳಿ

ಜೂನ್ ಬಂತು. ಬಿಸಿಲೇನೋ ಹಿತವಾಗಿದೆ, ಆದರೆ ಮೂರು ದಿನದಿಂದ ಗಾಳಿ ನಿಂತಿಲ್ಲ. ಕಾರಿನ ಬಾಗಿಲು ತೆಗೆದರೆ ಕೈಯಿಂದಲೇ ಕಿತ್ತುಕೊಳ್ಳುತ್ತದೆ. ಅಮೆರಿಕದ ನಾರ್ತ್ ಡಕೋಟ ರಾಜ್ಯದ ಈ ಕಡೆ, ನಮ್ಮ ಫಾರ್ಗೋ ಊರಿನ ಸುತ್ತ, ಅದನ್ನು ತಡೆಯೋಕೆ ಒಂದು ದಿಣ್ಣೆಯೂ ಇಲ್ಲ. ಹಿಮಯುಗದ ಕೊನೆಯಲ್ಲಿ ಇದೆಲ್ಲ ಅಗಸಿ ಎಂಬ ದೊಡ್ಡ ಸರೋವರದ ತಳವಾಗಿತ್ತು (ಹೆಸರು ಕೇಳಿದಾಗಲೆಲ್ಲ ನನಗೆ ಅಗಸಿ ಚಟ್ನಿ ನೆನಪು!). ಹಾಗಾಗಿ ರೊಟ್ಟಿ ಹಂಚಿನಷ್ಟು ಚಪ್ಪಟೆ. ರೈತರು ಹೊಲದಂಚಿಗೆ ಸಾಲಾಗಿ ಮರ ನೆಟ್ಟಿರುವುದು ಸುಮ್ನೆ ಅಲ್ಲ.

ಕಾಟನ್‌ವುಡ್ ಮರದ ಹತ್ತಿ ಬೇರೆ ಹಾರುತ್ತಿದೆ. ಕಿಟಕಿಯ ಜಾಲರಿಗೆಲ್ಲ ಬೆಳ್ಳಗೆ ಮೆತ್ತಿಕೊಂಡಿದೆ, ಒಂದೆಳೆ ಚಹಾಕ್ಕೂ ಬಿತ್ತು. ಧಾರವಾಡದಲ್ಲಿ ಆಷಾಢದ ಗಾಳಿ ಎದ್ದರೆ ಅವ್ವ ಅಡುಗೆಮನೆಯಿಂದಲೇ "ಅರಿವಿಗೆ ಕ್ಲಿಪ್ ಹಚ್ಚವಾ" ಅಂತ ಕೂಗುತ್ತಿದ್ದಳು. ಇಲ್ಲಿ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಗ್ಗ ಕಟ್ಟುವ ಹಾಗಿಲ್ಲ, ಡ್ರೈಯರೇ ಗತಿ. ಇಷ್ಟು ಗಾಳಿ ದಂಡ ಅಲ್ವಾ?