ಎಡಗೈಗೆ ಸೂಜಿ ಬೇಡ

ಶಸ್ತ್ರಚಿಕಿತ್ಸೆಯಾದ ಮರುದಿನ ಬೆಳಿಗ್ಗೆ ಅಜ್ಜ ಚಹಾ ಬೇಡವೆಂದರು. ಗಂಜಿ ಬೇಡ, ಎಳನೀರು ಬೇಡ. ಮಾತ್ರೆ ಕೊಟ್ಟರೆ ಮುಷ್ಟಿಯಲ್ಲಿ ಹಿಡಿದುಕೊಂಡು ಗೋಡೆಯ ಕಡೆ ನೋಡುತ್ತ ಮಲಗಿದರು. ರೋಣ ತಾಲ್ಲೂಕಿನ ಹಳ್ಳಿಯವರು, ವಯಸ್ಸು 76. ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬಿನ ಕುತ್ತಿಗೆ ಮುರಿದಿತ್ತು. ಹುಬ್ಬಳ್ಳಿಯಲ್ಲಿ ನಾನು ನರ್ಸಾಗಿರುವ ಆಸ್ಪತ್ರೆಯಲ್ಲಿ ಕೃತಕ ಗುಂಡು ಕೂರಿಸಿದ್ದರು. ಆಪರೇಷನ್ ಚೆನ್ನಾಗಿಯೇ ಆಗಿತ್ತು, ಜ್ವರವಿರಲಿಲ್ಲ, ವಾಂತಿಯಿರಲಿಲ್ಲ. ಮಧ್ಯಾಹ್ನದ ದಾಖಲೆಯಲ್ಲಿ ನಾನು ‘ಆಹಾರ ನಿರಾಕರಿಸುತ್ತಿದ್ದಾರೆ’ ಎಂದು ಬರೆದೆ. ಸಂಜೆ ರೌಂಡ್ಸಿಗೆ ಬಂದ ಡಾಕ್ಟರು, “ನಾಳೆ ಮಧ್ಯಾಹ್ನದವರೆಗೆ ನೋಡೋಣ, ಆಮೇಲೆ ಮೂಗಿನಲ್ಲಿ ನಳಿಕೆ ಹಾಕಲೇಬೇಕಾಗುತ್ತದೆ” ಎಂದರು.

ಅಜ್ಜನ ಬಳಿ ಇದ್ದವರು ಸೊಸೆಯೊಬ್ಬರೇ. ಮಗ ಆಪರೇಷನ್ ಮುಗಿದ ರಾತ್ರಿಯೇ ಊರಿಗೆ ಹೋಗಿದ್ದ. ಕಿತ್ತ ಕಡಲೆ ಹೊಲದಲ್ಲಿ ಬಿದ್ದಿತ್ತು, ಮೇಲೆ ಮೋಡ. ಹಿಂಗಾರಿ ಬೆಳೆಯನ್ನು ನಂಬಿದ ಮನೆಗೆ ಅದು ವರ್ಷದ ಅನ್ನ. ಅಪ್ಪನ ಮಂಚ ಬಿಟ್ಟು ಹೊಲಕ್ಕೆ ಓಡಿದ ಮಗನನ್ನು ದೂರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ರಾತ್ರಿ ಪಾಳಿಯೂ ನನ್ನದೇ ಆಗಿತ್ತು. ಹನ್ನೊಂದರ ಸುಮಾರಿಗೆ ಸೊಸೆ ನಲ್ಲಿಯ ಬಳಿ ತಂಬಿಗೆ ಹಿಡಿದು ನಿಂತಿದ್ದರು. “ಯಾಕವ್ವಾ, ಮಾವನವರು ಮನೆಯಲ್ಲೂ ಹೀಗೇ ಹಟ ಮಾಡುತ್ತಾರೆಯೇ?” ಎಂದು ಕೇಳಿದೆ. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಪೂಜೆ ಆಗದೆ ಅವರು ಬಾಯಿಗೆ ಹನಿ ನೀರು ಹಾಕುವವರಲ್ಲ ಅಕ್ಕಾ. ಲಿಂಗ ಊರಿಗೆ ಹೋಗಿದೆ” ಎಂದರು.

ಊರಿಗೆ ಕಳುಹಿಸಿದವಳು ನಾನೇ.

ಆಪರೇಷನ್ನಿನ ಬೆಳಿಗ್ಗೆ ಪಟ್ಟಿ ಹಿಡಿದು ಒಂದೊಂದೇ ಕೇಳುತ್ತ ಹೋಗಿದ್ದೆ. ಕಟ್ಟಿಸಿದ ಹಲ್ಲು ತೆಗೆದಿರಾ, ಉಂಗುರ ತೆಗೆದಿರಾ, ಉಡದಾರ ತೆಗೆದಿರಾ. ಕೊರಳಲ್ಲಿ ಶಿವದಾರ, ಅದರಲ್ಲಿ ಲಿಂಗವಿರುವ ಬೆಳ್ಳಿಯ ಕರಡಿಗೆ. ಥಿಯೇಟರಿನಲ್ಲಿ ವಿದ್ಯುತ್ತಿನಿಂದ ರಕ್ತ ನಿಲ್ಲಿಸುವ ಉಪಕರಣ ಬಳಸುತ್ತಾರೆ, ಮೈಮೇಲೆ ಲೋಹ ಇರಬಾರದು. ತೆಗೆಸಿದ್ದು ಸರಿಯೇ. ಆದರೆ ಸೊಸೆ, “ಆಮೇಲೆ ಹಾಕಬಹುದೇ?” ಎಂದು ಕೇಳಿದಾಗ, “ಬೆಳ್ಳಿ ಸಾಮಾನು ಕಳೆದರೆ ನಾವು ಹೊಣೆಯಲ್ಲ, ಮನೆಗೆ ಕಳುಹಿಸಿಬಿಡಿ” ಎಂದು ಗದರಿದ್ದೆ. ನನಗೆ ಕಂಡದ್ದು ಬೆಳ್ಳಿ. ನಾನು ಬೇರೆ ನಾಡಿನವಳೇನಲ್ಲ. ಲಿಂಗಪೂಜೆಯಾಗದೆ ಚಹಾ ಮುಟ್ಟದ ಹಿರಿಯರನ್ನು ನಮ್ಮ ಓಣಿಯಲ್ಲೇ ನೋಡುತ್ತ ಬೆಳೆದವಳು. ಸಮವಸ್ತ್ರ ತೊಟ್ಟು ವಾರ್ಡಿಗೆ ಕಾಲಿಟ್ಟಾಗ ಅದನ್ನೆಲ್ಲ ಎಲ್ಲಿ ಬಿಟ್ಟು ಬಂದಿದ್ದೆನೋ ಎಂದು ಆ ರಾತ್ರಿಯೆಲ್ಲ ಸಂಕಟಪಟ್ಟೆ.

ಧಾರವಾಡದಲ್ಲಿ ನರ್ಸಿಂಗ್ ಓದುವಾಗ ಅಮೆರಿಕದ ನರ್ಸ್ ವರ್ಜೀನಿಯಾ ಹೆಂಡರ್ಸನ್ ಹೇಳಿದ 14 ಮೂಲ ಅಗತ್ಯಗಳನ್ನು ನಮಗೆ ಬಾಯಿಪಾಠ ಮಾಡಿಸಿದ್ದರು. ಉಸಿರಾಟ, ಅನ್ನ-ನೀರು, ಮಲಮೂತ್ರ ವಿಸರ್ಜನೆ, ಚಲನೆ, ನಿದ್ದೆ ಹೀಗೆ ಸಾಗಿ ಮೈಯ ಶುಚಿ ಎಂಟನೆಯದು, ತನ್ನ ನಂಬಿಕೆಯಂತೆ ಪೂಜಿಸುವುದು ಹನ್ನೊಂದನೆಯದು, ದುಡಿಮೆ ಹನ್ನೆರಡನೆಯದು. ಶಕ್ತಿ, ಮನಸ್ಸು, ತಿಳಿವಳಿಕೆ ಇದ್ದಿದ್ದರೆ ರೋಗಿ ತಾನೇ ಮಾಡಿಕೊಳ್ಳುತ್ತಿದ್ದುದನ್ನು ಅವನಿಗೆ ಮಾಡಿಕೊಡುವುದೇ ನರ್ಸಿನ ಕೆಲಸ ಎನ್ನುವುದು ಆಕೆಯ ಮಾತಿನ ತಿರುಳು. ಪರೀಕ್ಷೆಯಲ್ಲಿ ಹದಿನಾಲ್ಕನ್ನೂ ಸಾಲಾಗಿ ಬರೆದು ಅಂಕ ಪಡೆದಿದ್ದೆ. ಈ ಅಜ್ಜನಿಗೆ ಹನ್ನೊಂದನೆಯದು ಆಗದೆ ಎರಡನೆಯದು ಆಗುತ್ತಿರಲಿಲ್ಲ, ಎಂಟನೆಯದು ಆಗದೆ ಹನ್ನೊಂದನೆಯದು ಆಗುತ್ತಿರಲಿಲ್ಲ. ಆ ಕ್ರಮ ಸೊಸೆಗೆ ಗೊತ್ತಿತ್ತು. ಮಂಚಕ್ಕೆ ಒಬ್ಬರೇ ಇರಬೇಕು, ಗದ್ದಲ ಮಾಡಬಾರದು ಎಂದು ದಿನಕ್ಕೆ ಹತ್ತು ಸಲ ಕೂಗುವ ನಾನು ಆಕೆಯನ್ನು ಒಮ್ಮೆಯೂ ಕೇಳಿರಲಿಲ್ಲ.

ಅಷ್ಟು ಹೊತ್ತಿನಲ್ಲೇ ಊರಿಗೆ ಫೋನ್ ಮಾಡಿಸಿದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಕೂತು, ಗದಗಿನಲ್ಲಿ ಬಸ್ಸು ಬದಲಿಸಿ, ಹತ್ತು ಗಂಟೆಗೆ ನೆರೆಮನೆಯ ಹುಡುಗನೊಬ್ಬ ಬಂದ. ಕರಡಿಗೆಯನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು, ಮೇಲೊಂದು ಕೈಯನ್ನು ಒತ್ತಿಕೊಂಡಿದ್ದ. “ಚೀಲದಲ್ಲಿ ಹಾಕಬೇಡ, ಎದೆಯಿಂದ ಕೆಳಗೆ ಇಳಿಸಬೇಡ ಎಂದು ನಮ್ಮ ಅವ್ವ ಹೇಳಿದ್ದಾಳೆ” ಎಂದ. ಇನ್ನೊಂದು ಕೈಯಲ್ಲಿ ರೊಟ್ಟಿಯ ಗಂಟು, ಡಬ್ಬಿಯಲ್ಲಿ ಜೋಳದ ನುಚ್ಚು, ಬಾಟಲಿಯಲ್ಲಿ ಮಜ್ಜಿಗೆ.

ಮೊದಲು ಸ್ನಾನ. ಹಾಸಿಗೆಯಲ್ಲೇ ಮಲಮೂತ್ರ ಮಾಡಿದ ಮೈಯಲ್ಲಿ ಲಿಂಗ ಮುಟ್ಟುವುದು ಅಜ್ಜನಿಗೆ ಒಪ್ಪಿಗೆಯಿಲ್ಲ. ಲಿಂಗಧಾರಿಗೆ ಸೂತಕವಿಲ್ಲವೆಂದು ಪಕ್ಕದ ಮಂಚದ ಹಿರಿಯರು ಹೇಳಿ ನೋಡಿದರು, ಅಜ್ಜ ಕೇಳಲಿಲ್ಲ. ಪರದೆ ಎಳೆದು, ಬೆಚ್ಚನೆಯ ನೀರು ತಂದು, ಮುಖದಿಂದ ಶುರುಮಾಡಿ ತೋಳು, ಎದೆ ಒರೆಸಿದೆ. ಕಾಲುಗಳ ನಡುವೆ ದಿಂಬಿಟ್ಟು, ಗಾಯದ ಪಟ್ಟಿ ನೆನೆಯದಂತೆ ಮಗ್ಗುಲು ತಿರುಗಿಸಿ ಬೆನ್ನು ಒರೆಸುವಾಗ ಹುಡುಗ ಹಿಡಿದುಕೊಂಡ. ಸೊಂಟದ ಕೆಳಗಿನದನ್ನು ಅವನೇ ನೋಡಿಕೊಂಡ. ಸೊಸೆ ಪರದೆಯಾಚೆ ಇದ್ದರು. ಆಗ ಅಜ್ಜ ಹುಡುಗನ ಕಿವಿಯಲ್ಲಿ ಏನೋ ಹೇಳಿದರು. ಅವನು ಬಂದು ನನಗೆ ಹೇಳಿದ್ದು ಇದು: ತಿಂದರೆ ಬೆಡ್‌ಪ್ಯಾನ್ ಕೇಳಬೇಕಾಗುತ್ತದೆ, ಸೊಸೆಯ ಕೈಯಲ್ಲಿ ಅದನ್ನು ಹೇಗೆ ತೆಗೆಸಲಿ ಎಂಬ ನಾಚಿಕೆಯೂ ಇತ್ತಂತೆ. ಅಂದರೆ ಸೊಸೆಯೂ ಅರಿಯದ ಕಾರಣವೊಂದು ಅಜ್ಜನ ಹೊಟ್ಟೆಯೊಳಗೇ ಉಳಿದಿತ್ತು. ನಾಲ್ಕು ದಿನ ತಾನೇ ಇರುತ್ತೇನೆಂದು ಹುಡುಗ ಹೇಳಿದ. ಅವನ ಅಣ್ಣಂದಿರು ಊರಿನಲ್ಲಿ ಈ ಮನೆಯ ಕಡಲೆ ರಾಶಿಗೆ ಕೈ ಹಚ್ಚಿದ್ದರು.

ಮಂಚದ ತಲೆಭಾಗ ಎತ್ತಿ ಒರಗಿಸಿದೆ. ಸೊಸೆ ಹಣೆಗೆ, ತೋಳಿಗೆ ವಿಭೂತಿ ಹಚ್ಚಿದರು. ಅಜ್ಜ ಎಡಗೈಯನ್ನು ಚಾಚಿದವರು ಹಾಗೆಯೇ ಸುಮ್ಮನಾಗಿಬಿಟ್ಟರು. ಅಂಗೈಯ ಹಿಂಬದಿಯಲ್ಲಿ ಸಲೈನ್ ಹರಿಸುವ ಸಣ್ಣ ನಳಿಕೆ, ಕ್ಯಾನುಲಾ, ಅದನ್ನು ಹಿಡಿದಿಡಲು ಅಂಗೈ ಸುತ್ತ ಪ್ಲಾಸ್ಟರು. ಲಿಂಗ ಕೂರುವ ಅಂಗೈಯೇ ಕಟ್ಟಿಹೋಗಿತ್ತು. ಅದನ್ನೂ ನಾನೇ ಹಾಕಿದ್ದೆ, ರಕ್ತನಾಳ ಚೆನ್ನಾಗಿ ಕಂಡಿತೆಂದು. ಬಲ ಮುಂದೋಳಿನಲ್ಲಿ ಹುಡುಕಿ ಹೊಸ ಕ್ಯಾನುಲಾ ಹಾಕಿ, ಎಡಗೈಯದನ್ನು ತೆಗೆದು, ರಕ್ತ ನಿಲ್ಲುವವರೆಗೆ ಒತ್ತಿ ಹಿಡಿದೆ. ಪ್ಲಾಸ್ಟರಿನ ಅಂಟು ಅಂಗೈಯಲ್ಲಿ ಕಪ್ಪು ಗೆರೆಯಾಗಿ ಉಳಿದಿತ್ತು. ಸ್ಪಿರಿಟ್ ಹತ್ತಿಯಿಂದ ಒರೆಸಿ, ನೀರಿನಿಂದ ತೊಳೆದೆ. ಪೂಜೆಯಲ್ಲಿ ಕೈಯಿಂದ ಇಳಿಯುವ ನೀರಿಗೆ ವಾರ್ಡಿನ ಟ್ರೇ ಹಿಡಿಯಲು ಮನಸ್ಸಾಗಲಿಲ್ಲ. ಅದು ವಾಂತಿಗೆ ಹಿಡಿಯುವ ಟ್ರೇ. ಸೊಸೆ ತಮ್ಮ ಊಟದ ತಟ್ಟೆಯನ್ನು ಬೆಳಗಿ ತಂದರು.

ಪೂಜೆಗೆ ಹತ್ತು ನಿಮಿಷ ಹಿಡಿಯಿತೋ ಏನೋ. ಪಕ್ಕದ ಮಂಚದವರು ಮೊಬೈಲ್ ಆರಿಸಿದರು. ಅಜ್ಜ ಮೊದಲು ಪಾದೋದಕ, ಅಂದರೆ ಪೂಜೆಯ ನೀರು, ತೆಗೆದುಕೊಂಡರು, ಆಮೇಲೆ ನುಚ್ಚು-ಮಜ್ಜಿಗೆ ಅರ್ಧ ಬಟ್ಟಲು. ಮಾತ್ರೆಯನ್ನು ತಾವೇ ಕೇಳಿದರು. ನಂತರ ಎರಡು ತಾಸು ನಿದ್ದೆ. ಎದ್ದಾಗ ಹುಡುಗನಿಗೆ ಕೇಳಿದ ಮೊದಲ ಮಾತು, “ಕಡಲೆ ಎಷ್ಟು ಚೀಲ ಆಯಿತಪ್ಪಾ?”

ಪಾಳಿ ಒಪ್ಪಿಸುವಾಗ ನನ್ನ ಟಿಪ್ಪಣಿಯಲ್ಲಿ ಬರೆದೆ: ಬೆಳಿಗ್ಗೆ 6ಕ್ಕೆ ಮೈ ಒರೆಸುವುದು, ಪೂಜೆ, ನಂತರವೇ ಊಟ ಮತ್ತು ಮಾತ್ರೆ. ಬೆಡ್‌ಪ್ಯಾನಿಗೆ ಹುಡುಗನನ್ನು ಕರೆಯುವುದು. ಎಡಗೈಗೆ ಸೂಜಿ ಬೇಡ. ರಾತ್ರಿ ಪಾಳಿಗೆ ಬಂದ ಗೆಳತಿ ಓದಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು, “ಎಡಗೈ ಊದಿದೆಯೇ?” ಎಂದು ಕೇಳಿದಳು. ಇಲ್ಲವೆಂದು ಹೇಳಿ, ಆಕೆಯನ್ನು ಮಂಚದ ಬಳಿಗೆ ಕರೆದುಕೊಂಡು ಹೋದೆ. ನಿದ್ದೆಯಲ್ಲಿದ್ದ ಅಜ್ಜನ ಎಡಗೈ ಎದೆಯ ಮೇಲೆ, ಕರಡಿಗೆಯ ಮೇಲೆ ಮುಚ್ಚಿಕೊಂಡಿತ್ತು.